ಮೀನೆಣ್ಣೆಯ ಮೂಲ

ಕರ್ನಾಟಕದ ಕರಾವಳಿಯ ಬೂತಾಯಿ ಮೀನು ಎಣ್ಣೆಗೆ ಹೆಸರಾದುದು. ಆ ಎಣ್ಣೆಯಲ್ಲಿರುವ ಒಮೇಗಾ-3 ಕೊಬ್ಬಿನ ಆಮ್ಲಗಳು ನಮ್ಮ ಮೆದುಳಿಗೂ ಕಣ್ಣಿಗೂ ಅವಶ್ಯಕ. ಆದರೆ ಅವುಗಳ ಮೂಲ ತಯಾರಕ ಮೀನಲ್ಲ.

ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಆಳದ ತಂಪಾದ ನೀರು ಪೋಷಕ ಲವಣಗಳೊಡನೆ ಮೇಲೇರುತ್ತದೆ. ಆಗ ಡಯಾಟಮ್ ಎಂಬ ಏಕಕೋಶ ಶೈವಲಗಳು ಅಸಂಖ್ಯವಾಗಿ ಹೆಚ್ಚುತ್ತವೆ. ಸೂರ್ಯನ ಬೆಳಕಿನ ಬಲದಿಂದ ಅವು 20 ಇಂಗಾಲ ಪರಮಾಣುಗಳೂ 5 ದ್ವಿಬಂಧಗಳೂ ಉಳ್ಳ ಇಂತಹ ಒಂದು ಆಮ್ಲವನ್ನು ರಚಿಸುತ್ತವೆ. ಈ ಶೈವಲಗಳನ್ನೂ ಅವನ್ನು ತಿಂದ ಸೂಕ್ಷ್ಮಪ್ರಾಣಿಗಳನ್ನೂ ಸೇವಿಸಿ ಬೂತಾಯಿಯು ಅದನ್ನು ಕೂಡಿಟ್ಟುಕೊಳ್ಳುತ್ತದೆ; ಬೂತಾಯಿಯಿಂದ ಅದು ದೊಡ್ಡ ಮೀನುಗಳಿಗೂ ಮನುಷ್ಯನಿಗೂ ಸಲ್ಲುತ್ತದೆ.

ಈ ಆಮ್ಲವು ತಂಪಿನಲ್ಲಿ ಶೈವಲದ ಕೋಶಪೊರೆ ಗಡುಸಾಗದಂತೆ ಕಾಯುತ್ತದೆ. ನೀರು ಬೆಚ್ಚಗಾದಂತೆ ಸಾಮಾನ್ಯವಾಗಿ ಅದರ ತಯಾರಿಕೆ ಕುಗ್ಗುತ್ತದೆ. ಆದುದರಿಂದ ಕಡಲಿನ ತಾಪ ಏರಿದರೆ, ಬರಿಗಣ್ಣಿಗೆ ಕಾಣದ ಶೈವಲದಲ್ಲಿ ಉಂಟಾದ ಕೊರತೆಯು ಕೊನೆಗೆ ನಮ್ಮ ಊಟದ ತಟ್ಟೆಯನ್ನೂ ಮುಟ್ಟಬಹುದು.