ಚಿತ್ರವೂ ಮಾತೂ: ‘ಭೀಮಾಯಣ’ವನ್ನು ಓದುವ ಬಗೆ

ಕಥೆಯ ಪುಸ್ತಕದಲ್ಲಿ ಚಿತ್ರಗಳಿರುವುದು ಹೊಸದೇನಲ್ಲ. ಸಾಮಾನ್ಯವಾಗಿ ಆ ಚಿತ್ರಗಳನ್ನು ತೆಗೆದುಹಾಕಿದರೂ ಕಥೆ ನಿಲ್ಲುತ್ತದೆ. ಚಿತ್ರಕಾದಂಬರಿಯ ರೀತಿ ಬೇರೆ. ಅಲ್ಲಿ ಚಿತ್ರವೂ ಮಾತೂ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಂತೆ. ಒಂದನ್ನು ಬಿಚ್ಚಿದರೆ ಬಂಡಿ ಸಾಗದು. ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಡಾ. ಬಿ. ಆರ್. ಅಂಬೇಡ್ಕರರ ಬಾಳಿನ ಘಟನೆಗಳನ್ನು ಹೇಳುವ ‘ಭೀಮಾಯಣ’ವು 2011ರಲ್ಲಿ ದೆಹಲಿಯ ನವಯಾನ ಪ್ರಕಾಶನದಿಂದ ಇಂಗ್ಲಿಷಿನಲ್ಲಿ ಹೊರಬಂದಿತು. ಮಾತುಗಳನ್ನು ಬರೆದವರು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್. ಚಿತ್ರಗಳನ್ನು ರಚಿಸಿದವರು ಮಧ್ಯಪ್ರದೇಶದ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿಗಳು.

ಅದರಲ್ಲಿ 1901ರ ಸುಮಾರಿನ ಒಂದು ಪ್ರಸಂಗವಿದೆ. ಬಾಲಕ ಭೀಮನು ಅಣ್ಣ ಮೊದಲಾದವರೊಡನೆ ತಂದೆಯನ್ನು ಕಾಣಲು ಸಾತಾರೆಯಿಂದ ಗೋರೆಗಾಂವಿಗೆ ಹೊರಟನು. ಇದು ನಮ್ಮ ಮುಂಬಯಿಯ ಗೋರೆಗಾಂವಲ್ಲ. ಸಾತಾರಾ ಜಿಲ್ಲೆಯ ಊರು. ಮಸೂರು ನಿಲ್ದಾಣದಲ್ಲಿ ಇಳಿದಾಗ, ಇವರು ಮಹಾರ ಜಾತಿಯವರೆಂದು ತಿಳಿದು ಬಂಡಿಯವರಾರೂ ಒಪ್ಪಲಿಲ್ಲ. ಇಮ್ಮಡಿ ಬಾಡಿಗೆ ತೆತ್ತು, ಬಂಡಿಯನ್ನು ತಾವೇ ಹೊಡೆಯಬೇಕಾಯಿತು. ಕೈಯಲ್ಲಿ ಬುತ್ತಿಯಿತ್ತು, ಆದರೆ ಕುಡಿಯಲು ನೀರು ಕೊಡುವವರಿಲ್ಲದೆ ಮಕ್ಕಳು ಹಸಿದೇ ಮಲಗಿದರು.

ಈ ನೋವನ್ನು ಚಿತ್ರವು ಹೇಗೆ ಹೇಳುತ್ತದೆ? ಪಾತ್ರಗಳು ಆಡುವ ಮಾತನ್ನು ಬರೆಯುವ ಗುಳ್ಳೆಗಳನ್ನು ನೋಡಿರಿ. ಮೃದುವಾದ ಮಾತಿಗೂ ನೊಂದವರ ಮಾತಿಗೂ ಹಕ್ಕಿಯ ಆಕಾರ. ಕುಟುಕುವ ಮಾತಿಗೆ ಚೇಳಿನ ಬಾಲ. ಬಾಯಿಂದ ಹೊರಡದ ಯೋಚನೆಗೆ ಒಂದು ಕಣ್ಣಿನ ಗುರುತು. ಅದು ಮನಸ್ಸಿನ ಕಣ್ಣು. ‘ದೂರ ನಿಲ್ಲು’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಉರಿಯುವ ಒಲೆಯ ಬಳಿ ಬಂದ ಮಗುವಿಗೆ ತಾಯಿಯೂ ಹಾಗೆನ್ನುವಳು. ಬಾವಿಯ ಬಳಿ ಬಾಯಾರಿ ಬಂದವನಿಗೆ ಜಾತಿಯ ಗರ್ವವುಳ್ಳವನೂ ಹಾಗೆನ್ನುವನು. ಅಕ್ಷರಗಳು ಒಂದೇ; ಅರ್ಥ ಬೇರೆ. ಆಡಿದವನ ದನಿಯನ್ನು ಅಚ್ಚಿನ ಅಕ್ಷರವು ಕೇಳಿಸಲಾರದು. ಚೇಳಿನ ಬಾಲವು ಅದನ್ನು ಕಣ್ಣಿಗೆ ಕಾಣಿಸುತ್ತದೆ.

ಇನ್ನೊಂದು ವಿಶೇಷವುಂಟು. ಸಾಮಾನ್ಯ ಚಿತ್ರಕಥೆಯ ಪುಟವು ಚೌಕಗಳಾಗಿ ಹಂಚಿರುತ್ತದೆ. ತಮ್ಮ ಪಾತ್ರಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಲು ಈ ದಂಪತಿಗಳು ಒಪ್ಪಲಿಲ್ಲ. ಎಲ್ಲರೂ ಉಸಿರಾಡುವಷ್ಟು ಬಯಲು ಬೇಕೆಂದರು. ಗೊಂಡರು ಮನೆಯ ಗೋಡೆ, ನೆಲಗಳ ಮೇಲೆ ಬರೆಯುವ ‘ದಿಗ್ನಾ’ ಎಂಬ ರಂಗವಲ್ಲಿಯಂತಹ ಪಟ್ಟಿಯೇ ಇಲ್ಲಿ ಪುಟವನ್ನು ಬಳಸಿ ಹರಿದು, ಒಂದು ಘಟನೆಯನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಮನುಷ್ಯರನ್ನು ಕಟ್ಟಿಹಾಕಿದ ಕಟ್ಟುಪಾಡಿನ ಕಥೆಯನ್ನು ಕಟ್ಟಿಲ್ಲದ ಪುಟದಲ್ಲಿ ಹೇಳಿದುದು ಎಷ್ಟು ಉಚಿತವಾಗಿದೆ!

ಆದುದರಿಂದ ಇಂತಹ ಪುಸ್ತಕವನ್ನು ಎರಡು ಸಲ ಓದಬೇಕು. ಮೊದಲು ಮಾತುಗಳನ್ನು ಕೈಯಿಂದ ಮುಚ್ಚಿ ಚಿತ್ರವನ್ನಷ್ಟೇ ನೋಡಿರಿ. ಬಳಿಕ ಮಾತನ್ನು ಓದಿ, ಅದರಲ್ಲಿಲ್ಲದ ಯಾವುದನ್ನು ಚಿತ್ರವು ಹೇಳಿತೆಂದು ಬರೆದಿಡಿರಿ.

ಅಭ್ಯಾಸ: ಈ ದಿನ ತರಗತಿಯಲ್ಲಿಯೋ ಬಸ್ಸಿನಲ್ಲಿಯೋ ನೀವು ಆಡಿದ ಐದು ಮಾತುಗಳನ್ನು ಬರೆದು, ಒಂದೊಂದರ ಸುತ್ತಲೂ ತಕ್ಕ ಗುಳ್ಳೆಯನ್ನು ಎಳೆಯಿರಿ. ಹಕ್ಕಿಗಳೆಷ್ಟು, ಚೇಳುಗಳೆಷ್ಟು ಎಂದು ಎಣಿಸಿರಿ.