ಇಂಜಿನ್ ಬದಲಿಸುವ ಮುನ್ನ



ಪನ್ವೇಲ್‌ನಿಂದ ಲೋನಾವಳಕ್ಕೆ ಮದುವೆ ಊಟ ಒಯ್ಯುವಾಗ ನಮ್ಮ ಹಳೆಯ ಪಿಕಪ್ ಘಾಟಿಯಲ್ಲಿ ಕಾದು ನಿಂತಿತು. ಪಾತ್ರೆಗಳನ್ನು ಬಾಡಿಗೆ ಟೆಂಪೋಗೆ ಹೇರಿ ಹೇಗೋ ಮಾನ ಉಳಿಸಿಕೊಂಡೆವು. ಸೆಕೆಂಡ್ ಹ್ಯಾಂಡ್ ಇಂಜಿನ್ ಹಾಕಿಸಿದೆವು. ಮೂರೇ ತಿಂಗಳಲ್ಲಿ ಅದೂ ಸೀಜ್ ಆಯಿತು. ತಪ್ಪು ಇಂಜಿನ್ನಿನದಲ್ಲ, ರೇಡಿಯೇಟರ್ ಒಳಗೇ ಕಟ್ಟಿಕೊಂಡಿತ್ತು. ನಾವು ಅದನ್ನು ನೋಡಿಸಿರಲೇ ಇಲ್ಲ.

ನಾವು ಕಲಿತದ್ದು:

1. ಇಂಜಿನ್ ಬಿಚ್ಚಿಸುವ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ.

2. ಬೋರಿಂಗ್ ಮಾಡಿಸಿದರೆ ಪಿಸ್ಟನ್, ರಿಂಗ್ ಅದೇ ಓವರ್‌ಸೈಜಿನದೇ ಇರಲಿ. ಬೇರಿಂಗ್‌ಗಳನ್ನೂ ನೋಡಿಸಿ.

3. ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ ಸರಿಮಾಡಿಸಿದ ಮೇಲೆಯೇ ಇಂಜಿನ್ ಕೂರಿಸಿ.

4. ಬೇರೆ ಇಂಜಿನ್ ಹಾಕಿಸಿದರೆ ಬಿಲ್ಲು ಪಡೆದು, ಅದರ ನಂಬರನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಏರಿಸಿ. ಇಲ್ಲದಿದ್ದರೆ ಅಪಘಾತವಾದಾಗ ವಿಮೆಗೂ ತೊಡಕು.

ಒಲೆ ಆರಿದರೆ ಮತ್ತೆ ಹಚ್ಚಬಹುದು. ಪಂಕ್ತಿ ಕೂತ ಮೇಲೆ ಊಟ ತಡವಾಗಬಾರದು.