ಚಿಲ್ಲರೆ ಸಾಮಾನೆಂದು ಬಿಡಬೇಡ

ಹೊಸ ಮನೆಗೆ ದೊಡ್ಡ ಟಿ.ವಿ. ತಂದಿದ್ದೀಯ, ಸಂತೋಷ ಕಣಪ್ಪ. ಡಿಶ್ ಹಾಕಿಸುವ ಮೊದಲು ದೊಡ್ಡಪ್ಪನ ನಾಲ್ಕು ಮಾತು ಕೇಳಿಸಿಕೊ. ಟಿ.ವಿ.ಗೆ ಸಾವಿರಗಟ್ಟಲೆ ಸುರಿದವರೂ ಕೇಬಲ್ಲು, ಕನೆಕ್ಟರು, ಕ್ಲಾಂಪು, ಅರ್ಥಿಂಗ್ ವೈರಿನ ಮಾತು ಬಂದಾಗ ‘ಯಾವುದೋ ಒಂದು ಹಾಕಿ’ ಅಂದುಬಿಡುತ್ತಾರೆ. ಅರಸೀಕೆರೆಯಿಂದ ಬೇಲೂರಿನವರೆಗೆ ನಾನು ಕಂಡ ಮನೆಗಳಲ್ಲಿ ಚಿತ್ರ ನಿಂತುಹೋಗಿದ್ದು ಬಹುಪಾಲು ಈ ಚಿಲ್ಲರೆ ಸಾಮಾನಿನ ದೆಸೆಯಿಂದಲೇ. ಟಿ.ವಿ.ಯೂ ಚೆನ್ನಾಗಿರುತ್ತದೆ, ಬಾಕ್ಸೂ ಚೆನ್ನಾಗಿರುತ್ತದೆ, ನಡುವಿನ ದಾರಿ ಕೆಟ್ಟಿರುತ್ತದೆ.

ತಿಂಗಳು ತಿಂಗಳು ದುಡ್ಡು ಕಟ್ಟುವುದು ಬೇಡ ಅಂದರೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಿನಲ್ಲಿ ಶುರುವಾದದ್ದು ಅದು. ದೂರದರ್ಶನದ ಕನ್ನಡ ವಾಹಿನಿ ಚಂದನ ಅದರಲ್ಲೇ ಸಿಗುತ್ತದೆ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಇರುವುದನ್ನೇ ಕೇಳಿ ತೆಗೆದುಕೊ. ಹಳೆಯ ಎಂಪೆಗ್-2 ಬಾಕ್ಸು ಅಗ್ಗಕ್ಕೆ ಸಿಕ್ಕಿದರೂ ಎಂಪೆಗ್-4ರಲ್ಲಿ ಬರುವ ಚಾನೆಲ್‌ಗಳನ್ನು ಅದು ತೋರಿಸುವುದಿಲ್ಲ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿಸಿದ್ದು, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಇಂಥ ಉಪಗ್ರಹಗಳು ಜಾಗ ಬಿಟ್ಟು ಕದಲದಂತೆ ಹಗಲೂ ರಾತ್ರಿ ಕಾಯುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರುವುದು ನಮ್ಮ ಹಾಸನದಲ್ಲಿ, 1982ರಿಂದ. ನಮ್ಮ ಜಿಲ್ಲೆಯವರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿ ಇದು, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಲ್ಲಿನವರು ಅಷ್ಟು ದೂರದ್ದನ್ನು ಅಲುಗದಂತೆ ಹಿಡಿದಿದ್ದಾರೆ, ತಾರಸಿಯ ಮೇಲಿನದ್ದನ್ನು ಅಲುಗದಂತೆ ಹಿಡಿಯುವುದು ನಿನ್ನ ಪಾಲಿನ ಕೆಲಸ.

ನಮ್ಮ ಕಡೆಯಿಂದ ಜಿಸ್ಯಾಟ್-15 ಇರುವುದು ಆಗ್ನೇಯಕ್ಕೆ, ತುಸು ಪೂರ್ವಕ್ಕೆ ವಾಲಿ. ಮೊಬೈಲಿನ ದಿಕ್ಸೂಚಿಯಲ್ಲಿ ಸುಮಾರು 126 ಡಿಗ್ರಿ. ಕಬ್ಬಿಣದ ಕಂಬದ ಪಕ್ಕ ಹಿಡಿದರೆ ದಿಕ್ಸೂಚಿ ಸುಳ್ಳು ಹೇಳುತ್ತದೆ, ನಾಲ್ಕು ಹೆಜ್ಜೆ ದೂರ ನಿಂತು ನೋಡು. ಎತ್ತರ ಸುಮಾರು 64 ಡಿಗ್ರಿ, ಅಂದರೆ ನೆತ್ತಿಗೆ ಸಾಕಷ್ಟು ಹತ್ತಿರ. ಡಿಶ್ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣುವುದಿಲ್ಲ, ಏಕೆಂದರೆ ಮನೆ ಡಿಶ್‌ಗಳಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ನಡುಮಧ್ಯೆ ಇರದೆ ಕೆಳಗಡೆ ಚಾಚಿಕೊಂಡಿರುತ್ತದೆ. ಆ ಓರೆಯಿಂದಾಗಿ ಡಿಶ್ ನಿಜವಾಗಿ ನೋಡುವುದು ಮುಖ ತೋರುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಮೇಲೆ.

ತೋಟದ ಮನೆಯವರು ಈ 64 ಡಿಗ್ರಿಯನ್ನು ಬಲವಾಗಿ ನೆನಪಿಟ್ಟುಕೊಳ್ಳಬೇಕು. ಅರಸೀಕೆರೆ ಸೀಮೆಯಲ್ಲಿ ತೆಂಗಿಲ್ಲದ ಮನೆಯಂಗಳ ಎಲ್ಲಿದೆ? ಆಗ್ನೇಯದ ಕಡೆಯ ಮರ ಡಿಶ್‌ಗಿಂತ ಇಪ್ಪತ್ತು ಅಡಿ ಎತ್ತರವಿದ್ದರೆ, ಅದು ಹತ್ತು ಅಡಿಗಿಂತ ದೂರ ಇರಬೇಕು. ಎತ್ತರದ ಅರ್ಧದಷ್ಟು ದೂರ, ಇಷ್ಟೇ ಲೆಕ್ಕ. ಆದರೆ ದೂರವನ್ನು ಬುಡದಿಂದ ಅಳೆಯಬೇಡ, ಗರಿಯ ತುದಿಯಿಂದ ಅಳೆ. ಈ ವರ್ಷ ಬಿಡುವಾಗಿ ಕಂಡ ಆಕಾಶಕ್ಕೆ ಇನ್ನೆರಡು ವರ್ಷದಲ್ಲಿ ಹೊಸ ಗರಿ ಅಡ್ಡ ಬರುತ್ತದೆ. ಡಿಶ್‌ಗೆ ಬೇರೆ ಜಾಗ ಹುಡುಕು, ಫಲ ಕೊಡುವ ಮರಕ್ಕೆ ಕತ್ತಿ ಹಾಕಬೇಡ.

ಡಿಶ್ ಎಷ್ಟು ದೊಡ್ಡದಿರಬೇಕು ಅಂತಲೂ ನೀನು ಕೇಳಿದ್ದೆ. 1975ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ಸೈಟ್ ಪ್ರಯೋಗ ನಡೆದಾಗ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಲ್ಲಿ ಕೋಳಿಬಲೆಯಿಂದ ಮಾಡಿದ ಹತ್ತು ಅಡಿಯ ಆಂಟೆನಾ ನಿಲ್ಲಿಸಿದ್ದರು. ಈಗ ಎರಡು ಅಡಿಯದ್ದು, ಅಂದರೆ 60 ಸೆಂಟಿಮೀಟರಿನದ್ದು ಸಾಕಾಗುತ್ತದೆ. ಅರಸೀಕೆರೆಯ ಬಯಲುಸೀಮೆಗೆ ಅದು ಧಾರಾಳ. ಬೇಲೂರಿನ ಕಡೆ ಮಲೆನಾಡಿನ ಸೆರಗು, ಮಳೆ ಹಿಡಿದರೆ ಬಿಡುವುದಿಲ್ಲ. ಈ ಅಲೆಗಳು ಹತ್ತು ಹನ್ನೆರಡು ಗಿಗಾಹರ್ಟ್ಸ್‌ನವು, ದಪ್ಪ ಹನಿಯ ಮಳೆ ಅವನ್ನು ಹೀರಿಕೊಳ್ಳುತ್ತದೆ. ಅಲ್ಲಿ 90 ಸೆಂಟಿಮೀಟರಿನ ಡಿಶ್ ಹಾಕಿದರೆ ಅದರ ವಿಸ್ತೀರ್ಣ 60ರದ್ದಕ್ಕಿಂತ ಎರಡೂಕಾಲು ಪಟ್ಟು, ಮಳೆಯಲ್ಲಿ ಚಿತ್ರ ಸ್ವಲ್ಪ ಹೊತ್ತು ಹೆಚ್ಚಿಗೆ ತಡೆಯುತ್ತದೆ. ಜಡಿಮಳೆಗೆ ಎಂಥ ಡಿಶ್ಶೂ ಸೋಲುತ್ತದೆ, ಅದಕ್ಕೆ ರಿಪೇರಿಯವನನ್ನು ಕರೆಸಬೇಡ. ಹತ್ತು ನಿಮಿಷ ಕಾಯಿ. ದೊಡ್ಡ ಡಿಶ್ ಗಾಳಿಯನ್ನೂ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಆಂಕರ್ ಬೋಲ್ಟಿನಿಂದ ಕಾಂಕ್ರೀಟಿಗೇ ಬಿಗಿಸು. ಹೆಂಚಿಗೆ, ಶೀಟಿಗೆ, ಸಡಿಲ ಇಟ್ಟಿಗೆಯ ಪ್ಯಾರಪೆಟ್ಟಿಗೆ ಬೇಡ. ಆಷಾಢದ ಗಾಳಿಗೆ ಒಂದೆರಡು ಡಿಗ್ರಿ ತಿರುಗಿದರೂ ಉಪಗ್ರಹ ತಪ್ಪಿಹೋಗುತ್ತದೆ. ಬೋಲ್ಟ್ ಕೊರೆದ ತೂತಿನ ಸುತ್ತ ಸೀಲೆಂಟ್ ಹಾಕಿಸುವುದನ್ನು ಮರೆತರೆ ತಾರಸಿ ಸೋರುತ್ತದೆ.

ಎಲ್ಲಕ್ಕಿಂತ ಮುಖ್ಯ ಕೇಬಲ್ಲು. ಆರ್‌ಜಿ-6, 75 ಓಮ್ ಅಂತ ಮೈಮೇಲೆ ಬರೆದಿರುತ್ತದೆ, ಓದಿ ನೋಡು. ಅದರಲ್ಲಿ ಸಿಗ್ನಲ್ ಕೆಳಗೆ ಬರುವುದಷ್ಟೇ ಅಲ್ಲ, ಎಲ್‌ಎನ್‌ಬಿಗೆ ಬೇಕಾದ ಕರೆಂಟೂ ಬಾಕ್ಸಿನಿಂದ ಅದರಲ್ಲೇ ಮೇಲೆ ಹೋಗುತ್ತದೆ. ನಡುತಂತಿ ತಾಮ್ರದ್ದೇ ಆದರೆ ಒಳ್ಳೆಯದು. ತಾಮ್ರ ಲೇಪಿಸಿದ ಉಕ್ಕಿನದ್ದು ಅಗ್ಗ, ಆದರೆ ದೂರ ಹೆಚ್ಚಾದರೆ ವೋಲ್ಟೇಜ್ ಇಳಿಯುತ್ತದೆ. ಡಿಶ್‌ನಿಂದ ಬಾಕ್ಸಿನವರೆಗೆ ಒಂದೇ ತುಂಡು ಇರಲಿ. ನಡುವೆ ತಿರುಚಿ ಕಪ್ಪು ಟೇಪು ಸುತ್ತಿದ ಗಂಟು ಮೊದಲ ಮಳೆಗಾಲ ದಾಟುವುದಿಲ್ಲ. ತುದಿಗೆ ಕೈಯಲ್ಲಿ ತಿರುಗಿಸುವ ಕನೆಕ್ಟರಿಗಿಂತ ಇಕ್ಕಳದಿಂದ ಒತ್ತಿ ಕೂರಿಸುವ ಎಫ್ ಕನೆಕ್ಟರ್ ಹಾಕಿಸು. ಕೇಬಲ್ಲಿನೊಳಗಿನ ಜಾಲರಿಯ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ, ನಿನ್ನ ಕಣ್ಣಿನಿಂದಲೇ ನೋಡಿ ಒಪ್ಪಿಕೊ. ಎಲ್‌ಎನ್‌ಬಿಯ ಹತ್ತಿರ ಕನೆಕ್ಟರಿನ ಮೇಲೆ ರಬ್ಬರ್ ಟೋಪಿ ಬೇಕು, ಅದರ ಕೆಳಗೆ ಕೇಬಲ್ ತುಸು ಜೋತುಬೀಳುವಂತೆ ಬಳಸಿ ಬಿಡಬೇಕು. ಆಗ ನೀರು ಜೋತ ಜಾಗದಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಇಲ್ಲವಾದರೆ ಜಾಲರಿಯೊಳಗೇ ಇಳಿಯುತ್ತಾ ಬಾಕ್ಸಿನವರೆಗೂ ಬಂದುಬಿಡುತ್ತದೆ. ಇಲಿ, ಅಳಿಲಿನ ಕಾಟವಿದ್ದರೆ ಪಿವಿಸಿ ಪೈಪಿನೊಳಗೆ ಎಳೆಸು.

ಅಪ್ಪ ಅಮ್ಮನ ಕೋಣೆಗೂ ಒಂದು ಟಿ.ವಿ. ಬೇಕು ಅಂದೆಯಲ್ಲ, ಇಲ್ಲೇ ಹೆಚ್ಚಿನವರು ಎಡವುವುದು. ಅಂಗಡಿಯಲ್ಲಿ ಹಳೆಯ ಕೇಬಲ್ ಟಿ.ವಿ.ಯ ಸ್ಪ್ಲಿಟರ್ ಕೊಟ್ಟರೆ ಬೇಡ ಅನ್ನು. ಒಂದು ಬಾಕ್ಸು ಕೇಬಲ್ಲಿನಲ್ಲಿ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬದ ಅಲೆಗಳನ್ನು ಕೊಡುತ್ತದೆ, 18 ಕಳಿಸಿದರೆ ಅಡ್ಡದ ಅಲೆಗಳನ್ನು. ಎರಡು ಬಾಕ್ಸು ಬೇರೆ ಬೇರೆ ಕೇಳಿದರೆ ಅದು ಯಾರ ಮಾತು ಕೇಳಬೇಕು? ಎರಡು ಬಾಯಿಯ ಎಲ್‌ಎನ್‌ಬಿ ಹಾಕಿಸಿ, ಬಾಕ್ಸಿಗೊಂದರಂತೆ ಎರಡು ಕೇಬಲ್ ಎಳೆಸು. ಗೋಡೆಯೊಳಗೆ ಪೈಪು ಹೂಳುವಾಗಲೇ ಎರಡನ್ನೂ ಹಾಕಿಬಿಟ್ಟರೆ ಆಮೇಲೆ ಗೋಡೆ ಒಡೆಯುವ ಕೆಲಸವಿರುವುದಿಲ್ಲ. ಎರಡು ಡಿಶ್ ಇಟ್ಟುಕೊಂಡು ಒಂದೇ ಬಾಕ್ಸಿನಲ್ಲಿ ನೋಡುವವರಿಗೆ ಡೈಸೆಕ್ ಸ್ವಿಚ್ ಅಂತ ಬೇರೆಯೇ ಇದೆ. ನಿನಗೆ ಸದ್ಯಕ್ಕೆ ಅದು ಬೇಕಿಲ್ಲ.

ಸಿಗ್ನಲ್ ಹುಡುಕುವ ಮೀಟರಿಗೂ ದುಡ್ಡು ಹಾಕಬೇಡ. ಕೀಂಯ್ ಅನ್ನುವ ಆ ಸಣ್ಣ ಮೀಟರು ಯಾವುದೋ ಉಪಗ್ರಹ ಸಿಕ್ಕಿತು ಅನ್ನುತ್ತದೆಯೇ ಹೊರತು ಯಾವುದು ಅಂತ ಹೇಳುವುದಿಲ್ಲ. ಬಾಕ್ಸಿನ ಮೆನುವಿನಲ್ಲೇ ಎರಡು ಪಟ್ಟಿ ಇವೆ. ಸ್ಟ್ರೆಂತ್ ಅನ್ನುವುದನ್ನು ನಂಬಬೇಡ, ಎಲ್‌ಎನ್‌ಬಿಗೆ ಕರೆಂಟು ಹೋದರೆ ಸಾಕು ಅದು ಮೇಲೇರುತ್ತದೆ. ಕ್ವಾಲಿಟಿಯ ಪಟ್ಟಿ ಏರುವಂತೆ ಡಿಶ್ ತಿರುಗಿಸಿ ನಟ್ಟು ಬಿಗಿಸಬೇಕು.

ಗುಡುಗಿನ ಮಾತು ಹೇಳಲೇಬೇಕು, ಇದು ಟಿ.ವಿ. ಉಳಿಸುವುದಕ್ಕಿಂತ ದೊಡ್ಡ ವಿಷಯ. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆ ನಮ್ಮಲ್ಲಿ ಸಿಡಿಲು ಹೊತ್ತುಕೊಂಡೇ ಬರುತ್ತದೆ. ಡಿಶ್‌ನ ಕಂಬಕ್ಕೆ ದಪ್ಪ ತಾಮ್ರದ ವೈರು ಕಟ್ಟಿ ನೆಲದ ಅರ್ಥಿಂಗಿಗೆ ಸೇರಿಸಿ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳು. ಹತ್ತಿರ ಬಿದ್ದ ಸಿಡಿಲಿನ ಹೊಡೆತವನ್ನು ಅದು ತಗ್ಗಿಸುತ್ತದೆ, ನೇರ ಬಿದ್ದದ್ದನ್ನು ತಡೆಯುತ್ತದೆ ಅಂದುಕೊಳ್ಳಬೇಡ. ಬೋರ್ಡಿಗೆ ಒಳ್ಳೆಯ ಸ್ಪೈಕ್ ಗಾರ್ಡ್ ಇರಲಿ. ಅಷ್ಟೆಲ್ಲ ಇದ್ದರೂ ಮೋಡ ಕಟ್ಟುತ್ತಿದ್ದಂತೆ ಪ್ಲಗ್ಗೂ ಕೀಳಬೇಕು, ಬಾಕ್ಸಿನ ಹಿಂದಿನ ಡಿಶ್ ಕೇಬಲ್ಲೂ ಬಿಚ್ಚಬೇಕು. ಪ್ಲಗ್ ಒಂದನ್ನೇ ಕಿತ್ತವರ ಬಾಕ್ಸು ಕೇಬಲ್ಲಿನ ದಾರಿಯಿಂದ ಸುಟ್ಟುಹೋಗುತ್ತದೆ. ಗುಡುಗು ಶುರುವಾದ ಮೇಲೆ ಮಾತ್ರ ಆ ಕೇಬಲ್ ಮುಟ್ಟಬೇಡ, ಮಕ್ಕಳಿಗೂ ಹೇಳಿಡು. ತಾರಸಿಯ ಹತ್ತಿರ ವಿದ್ಯುತ್ ಲೈನ್ ಹಾದಿದ್ದರೆ ಉದ್ದನೆಯ ಕಬ್ಬಿಣದ ಪೈಪು ಎತ್ತಲೇಬಾರದು.

ನಿನ್ನ ಮನೆ ಹಳೇಬೀಡಿನಲ್ಲಿ ಗುಡಿಗೆ ಹತ್ತಿರ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಡಿಶ್ ನೆಪದಲ್ಲಿ ಹೊಸ ಗೋಡೆ, ಗೋಪುರ ಎಬ್ಬಿಸುವ ಮೊದಲು ಪುರಾತತ್ವ ಇಲಾಖೆಯವರನ್ನು ಕೇಳು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೂರದೂರದವರು ಬರುತ್ತಾರೆ. ಬೀದಿಯ ಕಡೆಗೆ ಡಿಶ್ ಚಾಚದೆ ತಾರಸಿಯ ಹಿಂಬದಿಗೆ ಇಟ್ಟರೆ ಊರು ಚೆಂದ ಕಾಣುತ್ತದೆ. ಆಕಾಶ ಬಿಡುವಿದ್ದರೆ ಸಿಗ್ನಲ್ಲಿಗೆ ಹಿಂದು ಮುಂದು ಅನ್ನುವುದೇನೂ ಇಲ್ಲ.

ಕೆಲಸ ಮುಗಿದ ದಿನ ಒಂದು ಚೀಟಿ ಬರೆದು ಟಿ.ವಿ. ಹಿಂದೆ ಅಂಟಿಸು: ಜಿಸ್ಯಾಟ್-15, 93.5 ಪೂರ್ವ, ಎಲ್‌ಎನ್‌ಬಿ ಯೂನಿವರ್ಸಲ್, 9750/10600. ಮಕ್ಕಳು ರಿಮೋಟ್ ಒತ್ತಿ ಸೆಟ್ಟಿಂಗ್ ಅಳಿಸಿದಾಗ ಆ ಚೀಟಿ ನೋಡಿಕೊಂಡು ನೀನೇ ಸರಿಮಾಡಬಹುದು. ಕೇಬಲ್ ಕೊಳ್ಳುವ ಮೊದಲು ಡಿಶ್‌ನಿಂದ ಬಾಕ್ಸಿನವರೆಗೆ ಹಗ್ಗ ಹಿಡಿದು ಅಳೆ, ತಿರುವುಗಳಿಗೆ ಎರಡು ಮೀಟರ್ ಹೆಚ್ಚಿಗೆ ಸೇರಿಸಿ ನನಗೆ ಹೇಳು. ಮುಂದಿನ ವಾರ ಅರಸೀಕೆರೆ ಪೇಟೆಗೆ ಬಂದಾಗ ಜೊತೆಗೇ ಹೋಗಿ ತರೋಣ.